ಅಪ್‌ಡೇಟ್: ಅಮ್ಮನ ಮೂಳೆ ಮಾತ್ರೆ ಶುರುವಾಯ್ತು

ಅಮ್ಮನಿಗೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗೋ ಕಾಯಿಲೆ), ಅದಕ್ಕೆ ಕೊಡೋ ಅಲೆಂಡ್ರೊನೇಟ್ ಮಾತ್ರೆ ತಗೊಂಡ್ರೆ ದವಡೆ ಮೂಳೆ ಹಾಳಾಗುತ್ತಂತೆ, ಕೊಡಲೋ ಬೇಡವೋ ಅಂತ ಕೇಳಿದ್ದೆ. ಕೊಡ್ತಿದ್ದೀವಿ. ಜಯನಗರದ ಡಾಕ್ಟರು ಹೇಳಿದ್ದಿಷ್ಟು: ಈ ಮಾತ್ರೆಯಿಂದ ದವಡೆ ತೊಂದರೆ, ತೊಡೆಮೂಳೆ ತಾನಾಗೇ ಬಿರುಕು ಬಿಡೋದು ಎರಡೂ ಬಲು ಅಪರೂಪ. ಆದರೆ ಈಗಾಗಲೇ ಬೆನ್ನುಮೂಳೆ ಕುಸಿದಿರೋರಿಗೆ ಸೊಂಟ ಮುರಿಯೋದು ಅಷ್ಟು ಅಪರೂಪವಲ್ಲ. ಹಲ್ಲು ಕೀಳಿಸೋದಿದ್ರೆ ಮೊದಲೇ ಮುಗಿಸಿ ಅಂದ್ರು, ಮುಗಿಸಿದ್ವಿ. ಕಿಡ್ನಿ, ವಿಟಮಿನ್ ಡಿ ಟೆಸ್ಟೂ ಆಯ್ತು.

ನಿಜವಾದ ಜಗಳ ಕಾಫಿಯದು! ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ 70 ಮಿ.ಗ್ರಾಂ ಮಾತ್ರೆ, ಖಾಲಿ ಹೊಟ್ಟೆಗೆ, ದೊಡ್ಡ ಲೋಟ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಕಾಫಿನೂ ಇಲ್ಲ. ಅಮ್ಮ ಡಿಕಾಕ್ಷನ್ ಇಳಿಸಿಟ್ಟು ಗಡಿಯಾರ ನೋಡ್ತಾ ಕೂತಿರ್ತಾರೆ. ರಾಗಿ ಗಂಜಿ ಸಾಕು ಅಂದ ಚಿಕ್ಕಮ್ಮನ ಸಮಾಧಾನಕ್ಕೆ ಅದೂ ನಡೀತಿದೆ, ಮಾತ್ರೆ ಬದಲಿಗಲ್ಲ. ಎದೆಯುರಿ ಶುರುವಾದ್ರೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡೋ ಜೋಲೆಡ್ರೊನಿಕ್ ಆಸಿಡ್‌ಗೆ ಬದಲಾಯಿಸ್ತಾರಂತೆ.