ಬಾಯಿಂದ ಈಡು ತುಂಬುವ ಬೇಟೆ ರೈಫಲ್‌ಗೆ ಯಾವ ಮದ್ದು? ಪ್ರಶ್ನೋತ್ತರ

ಪ್ರಶ್ನೆ: ಸರ್, ನಾನಿರುವುದು ಡೆನ್ವರ್‌ನಲ್ಲಿ. ಕೊಲರಾಡೊದ ಸೆಪ್ಟೆಂಬರ್ ಮಜಲ್‌ಲೋಡರ್ (ಬಾಯಿಂದ ತುಂಬುವ ಕೋವಿ) ಸೀಸನ್ನಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಟ್ಯಾಗ್, ಅಂದರೆ ಪರವಾನಗಿ, ಸಿಕ್ಕಿದೆ. ರೈಫಲ್ .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು) ಇನ್‌ಲೈನ್ (ಪ್ರೈಮರ್ ಮದ್ದಿನ ನೇರ ಹಿಂದೆ ಕೂರುವಂಥದ್ದು), 1:28 ಟ್ವಿಸ್ಟ್ (28 ಇಂಚಿಗೆ ಗುಂಡು ಒಂದು ಸುತ್ತು), 209 ಪ್ರೈಮರ್ (ಮದ್ದಿಗೆ ಬೆಂಕಿ ಕೊಡುವ ಸಣ್ಣ ಲೋಹದ ತುಣುಕು). 50 ಗ್ರೇನಿನ (ಗ್ರೇನ್ ಎಂದರೆ ಮದ್ದಿನ ಅಳತೆ) ಪೆಲೆಟ್ (ಅಚ್ಚು ಹಾಕಿದ ಮದ್ದಿನ ಗುಳಿಗೆ) ಮೂರು, ಮೇಲೆ ಸೇಬಟ್ (ಗುಂಡಿನ ಸುತ್ತಿನ ಪ್ಲಾಸ್ಟಿಕ್ ಕವಚ) ಹಾಕಿದ ಗುಂಡು ಎಂದು ಅಂಗಡಿಯಲ್ಲಿ ಹೇಳಿದರು. ಇದು ಸರಿಯೇ?

ಉತ್ತರ: ಕೊಲರಾಡೊದ ಮಜಲ್‌ಲೋಡರ್ ಸೀಸನ್ನಿಗೆ ಇದು ಸರಿಯಲ್ಲ. ಅಲ್ಲಿ ಆ ಸೀಸನ್ನಿನಲ್ಲಿ ಪೆಲೆಟ್ ನಿಷಿದ್ಧ, ಸೇಬಟ್ಟೂ ನಿಷಿದ್ಧ. ಮದ್ದು ಪುಡಿಯಾಗಿಯೇ ಇರಬೇಕು, ಗುಂಡು ನಳಿಗೆಯ ಅಳತೆಯದೇ ಆಗಿರಬೇಕು. ಈಗಿನ ತೋಟಾ ಕೋವಿಗಳ ಸ್ಮೋಕ್‌ಲೆಸ್ (ಹೊಗೆರಹಿತ) ಮದ್ದಿಗಂತೂ ಅವಕಾಶವೇ ಇಲ್ಲ. ಎಲ್ಕ್‌ಗೆ ಕನಿಷ್ಠ .50 ಕ್ಯಾಲಿಬರ್ ಬೇಕು, ಅದು ನಿಮ್ಮಲ್ಲಿದೆ. ಆಯಾ ವರ್ಷದ ನಿಯಮ ಪುಸ್ತಿಕೆ ಓದಿಯೇ ಖರೀದಿಗೆ ಹೊರಡಿ.

ಮದ್ದು ಆರಿಸುವಾಗ ಎಲ್ಲರೂ ಮೊದಲು ಕೇಳುವುದು ವೇಗ ಎಷ್ಟು ಎಂದು. ಅದು ಕೊನೆಯ ಪ್ರಶ್ನೆಯಾಗಬೇಕು. ನಿಮ್ಮ ಕೋವಿ ಬೆಂಕಿ ಕೊಡುವುದು ಹೇಗೆ, ಚಕಮಕಿ ಕಲ್ಲಿನಿಂದಲೋ, ಕೇಪಿನಿಂದಲೋ, 209 ಪ್ರೈಮರಿನಿಂದಲೋ? ಇದೇ ಮೊದಲ ಪ್ರಶ್ನೆ. ಆಮೇಲೆ ಸೀಸನ್ನಿನ ನಿಯಮ, ಆಮೇಲೆ ಗುಂಡು. ಇಷ್ಟು ತೀರ್ಮಾನವಾದ ಮೇಲೆ ಉಳಿಯುವುದು ಒಂದೆರಡು ಮದ್ದು ಮಾತ್ರ.

ನಿಮಗೆ ಉಳಿಯುವುದು ಟ್ರಿಪಲ್ ಸೆವೆನ್ ಎಫ್‌ಎಫ್‌ಜಿ (ಕಾಳಿನ ಗಾತ್ರದ ಗುರುತು) ಪುಡಿ ಅಥವಾ ಬ್ಲ್ಯಾಕ್‌ಹಾರ್ನ್ 209, ಎರಡೂ ಕರಿಮದ್ದಿನ ಬದಲಿಗೆ ಬಳಸುವ ಮದ್ದು. ಸೇಬಟ್ ಇಲ್ಲದ ಸೀಸದ ಕೋನಿಕಲ್ (ಮೊನೆಯುಳ್ಳ ಉದ್ದನೆಯ) ಗುಂಡಿಗೆ ನಾನು ಮೊದಲು ಟ್ರಿಪಲ್ ಸೆವೆನ್ ಹೇಳುತ್ತೇನೆ. ಅಷ್ಟೇ ಅಳತೆಯ ಕರಿಮದ್ದಿಗಿಂತ ಅದರ ಬಲ ಸುಮಾರು 15 ಶೇಕಡಾ ಜಾಸ್ತಿ. ಹಾಗಾಗಿ 100 ಗ್ರೇನ್ ಕರಿಮದ್ದಿನ ಕೆಲಸ ಇದರ 85 ಗ್ರೇನಿನಲ್ಲಿ ಆಗುತ್ತದೆ. 70ರಿಂದ ಶುರು ಮಾಡಿ, ಐದೈದು ಗ್ರೇನ್ ಏರಿಸುತ್ತಾ 50 ಗಜದಲ್ಲಿ ಮೂರು ಮೂರು ಗುಂಡು ಹೊಡೆದು ನೋಡಿ. ಗುಂಡುಗಳು ಎಲ್ಲಿ ಒತ್ತಾಗಿ ಬೀಳುತ್ತವೋ ಅಲ್ಲಿಗೆ ನಿಲ್ಲಿಸಿ. ರೈಫಲ್ ಕೈಪಿಡಿಯಲ್ಲಿ ಆ ಗುಂಡಿನ ತೂಕಕ್ಕೆ ಕೊಟ್ಟಿರುವ ಗರಿಷ್ಠ ಮಿತಿಯನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ.

ಪ್ರಶ್ನೆ: ಟ್ರಿಪಲ್ ಸೆವೆನ್ ಹಾಕಿದರೆ ಎರಡನೇ ಈಡಿಗೆ ಗುಂಡು ತಳ ಮುಟ್ಟುವ ಮೊದಲೇ ಸಿಕ್ಕಿಕೊಳ್ಳುತ್ತದೆ. ಗಜ (ಈಡು ಜಡಿಯುವ ಕೋಲು) ಹಾಕಿ ಎಷ್ಟು ಜಡಿದರೂ ಕೊನೆಯ ಒಂದು ಇಂಚು ಇಳಿಯುವುದಿಲ್ಲ.

ಉತ್ತರ: ಮದ್ದು ಕೂರುವ ಜಾಗದ ಮೇಲ್ತುದಿಯಲ್ಲಿ, ಗುಂಡಿನ ಬುಡ ನಿಲ್ಲುವಲ್ಲಿ, ಗಟ್ಟಿ ಬಳೆಯ ಹಾಗೆ ಕಿಟ್ಟ ಕಟ್ಟುತ್ತದೆ. ಟ್ರಿಪಲ್ ಸೆವೆನ್ನಿನ ದೊಡ್ಡ ತೊಂದರೆ ಇದೇ. ಪ್ರೈಮರ್ ಬಿಸಿ ಇದ್ದಷ್ಟೂ ಬಳೆ ಗಟ್ಟಿ. ಮ್ಯಾಗ್ನಂ ಪ್ರೈಮರ್ ಬಿಟ್ಟು ಮಜಲ್‌ಲೋಡರ್‌ಗೆಂದೇ ಬರುವ ಸೌಮ್ಯ 209 ಹಾಕಿ. ಪ್ರತಿ ಈಡಿನ ನಂತರ ತುಸು ಒದ್ದೆ ಮಾಡಿದ ಬಟ್ಟೆ ತುಂಡನ್ನು ತಳದವರೆಗೆ ಇಳಿಸಿ, ತಿರುಗಿಸಿ ತೆಗೆಯಿರಿ. ಹಿಂದೆಯೇ ಒಣಗಿದ್ದೊಂದು. ಬಟ್ಟೆಯಿಂದ ನೀರು ತೊಟ್ಟಿಕ್ಕುವಷ್ಟು ಒದ್ದೆ ಬೇಡ, ಬ್ರೀಚ್ ಪ್ಲಗ್ಗಿನೊಳಕ್ಕೆ (ನಳಿಗೆಯ ಹಿಂತುದಿ ಮುಚ್ಚುವ ಬಿರಡೆ) ತೇವ ಇಳಿದರೆ ಮುಂದಿನ ಈಡು ಹಾರುವುದಿಲ್ಲ.

ಗುಂಡು ಮದ್ದಿಗೆ ತಾಗದೆ ಮೇಲೆಯೇ ನಿಂತಿದ್ದರೆ ದಯವಿಟ್ಟು ಹಾರಿಸಬೇಡಿ. ನಡುವೆ ಖಾಲಿ ಜಾಗ ಇದ್ದರೆ ಆ ಗುಂಡು ನಳಿಗೆಗೆ ಬಿರಡೆಯಾಗುತ್ತದೆ. ನಳಿಗೆ ಅಲ್ಲೇ ಉಬ್ಬಬಹುದು, ಒಡೆಯಲೂಬಹುದು. ಸರಿಯಾಗಿ ತುಂಬಿದಾಗ ಗಜ ನಳಿಗೆಯ ಬಾಯಿಯ ಮಟ್ಟಕ್ಕೆ ಎಲ್ಲಿ ಬರುತ್ತದೋ ಅಲ್ಲಿ ಅಳಿಸಲಾಗದ ಗೆರೆ ಎಳೆದಿಡಿ. ಖಾಲಿ ನಳಿಗೆಗೂ ಒಂದು ಗೆರೆ ಇರಲಿ. ಒಳಗೆ ಈಡು ಇದೆಯೋ ಇಲ್ಲವೋ, ಎರಡು ಸಲ ತುಂಬಿದ್ದೀರೋ ಎಂಬುದೂ ಆ ಗೆರೆಗಳಿಂದ ತಿಳಿಯುತ್ತದೆ.

ಇನ್ನೊಬ್ಬರ ಸೇರ್ಪಡೆ: ಬಳೆಯ ಕಾಟವೇ ಬೇಡವೆಂದರೆ ಬ್ಲ್ಯಾಕ್‌ಹಾರ್ನ್ 209 ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಅದು 2008ರಲ್ಲಿ ಬಂದ ಮದ್ದು. ನೈಟ್ರೋಸೆಲ್ಯುಲೋಸ್ ಆಧಾರದ್ದು, ತೇವ ಹೀರುವುದು ತೀರಾ ಕಡಿಮೆ. ಈಡಿನ ನಡುವೆ ಬಟ್ಟೆ ಹಾಯಿಸದೆಯೂ ಹಲವು ಸಲ ಹಾರಿಸಬಹುದು. ಆದರೆ ಪ್ರೈಮರ್ ವಿಷಯದಲ್ಲಿ ಮೇಲಿನ ಮಾತಿಗೆ ಪೂರ್ತಿ ವಿರುದ್ಧ. ಇದಕ್ಕೆ ಬಲವಾದ ಪ್ರೈಮರೇ ಬೇಕು, ಸಿಸಿಐ 209ಎಂ ಅಥವಾ ಫೆಡರಲ್ 209ಎ. ಸೌಮ್ಯ ಪ್ರೈಮರ್ ಹಾಕಿದರೆ ‘ಟಿಕ್’ ಎಂದು ಒಂದು ಕ್ಷಣ ಬಿಟ್ಟು ಹಾರುತ್ತದೆ, ಅಷ್ಟರಲ್ಲಿ ಗುರಿ ಹೋಗಿರುತ್ತದೆ. ಬ್ರೀಚ್ ಪ್ಲಗ್ಗೂ ಈ ಮದ್ದಿಗೆ ಒಪ್ಪುವಂಥದ್ದಿರಬೇಕು. ಪ್ಲಗ್ಗಿನ ಬೆಂಕಿದಾರಿಯಲ್ಲಿ ಕಟ್ಟುವ ಇದ್ದಿಲ ಕಿಟ್ಟವನ್ನು ಅದರ ಅಳತೆಗೆ ಸರಿಯಾದ ಡ್ರಿಲ್ ಬಿಟ್ ಹಿಡಿದು ಕೈಯಲ್ಲೇ ತಿರುಗಿಸಿ ತೆಗೆಯಬೇಕು. ಮೆಷಿನ್ ಬೇಡ.

ಉತ್ತರ: ಒಪ್ಪುತ್ತೇನೆ. ಆದರೆ ಆ ಮದ್ದು ಚೆನ್ನಾಗಿ ಉರಿಯಲು ಗುಂಡು ನಳಿಗೆಯಲ್ಲಿ ಬಿಗಿಯಾಗಿ ಕೂತು ಒತ್ತಡ ಕಟ್ಟಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಸಲೀಸಾಗಿ ಜಾರುವ ಕೋನಿಕಲ್ಲಿಗೆ ಅದು ಹೊಂದುವುದಿಲ್ಲ. ಬಿಗಿ ಗುಂಡು ಸಿಕ್ಕರೆ ಖಂಡಿತ ಹಾಕಿ.

ಇಲ್ಲಿ ಅಪಾಯದ ಒಂದು ತಪ್ಪು ನಡೆಯುತ್ತದೆ. ಮಜಲ್‌ಲೋಡರ್ ಮದ್ದಿನ ‘ಗ್ರೇನ್’ ಸಾಮಾನ್ಯವಾಗಿ ಕೊಳವೆ ಅಳತೆಯ ಲೆಕ್ಕ, ತೂಕದ್ದಲ್ಲ. ಬ್ಲ್ಯಾಕ್‌ಹಾರ್ನಿನ 100 ಗ್ರೇನ್ ಅಳತೆ ತಕ್ಕಡಿಯಲ್ಲಿ 70 ಗ್ರೇನ್ ಮಾತ್ರ ತೂಗುತ್ತದೆ. ತಕ್ಕಡಿಯಲ್ಲೇ 100 ಗ್ರೇನ್ ತೂಗಿ ಸುರಿದರೆ ಅಳತೆಯಲ್ಲಿ ಸುಮಾರು 143 ಆಯಿತು. ಅದರ ಗರಿಷ್ಠವೇ 120 ಅಳತೆ, ಅಂದರೆ 84 ಗ್ರೇನ್ ತೂಕ. ಹಿತ್ತಾಳೆಯ ಅಳತೆ ಕೊಳವೆಯಲ್ಲೇ ಅಳೆಯಿರಿ. ಡಬ್ಬಿಯಿಂದ ಮಾತ್ರ ನೇರ ನಳಿಗೆಗೆ ಸುರಿಯಬೇಡಿ. ಒಳಗೊಂದು ಕಿಡಿ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲೇ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಪೆನ್ಸಿಲ್ವೇನಿಯಾದ ಫ್ಲಿಂಟ್‌ಲಾಕ್ ಸೀಸನ್ನಿಗೆ .50ರ ಚಕಮಕಿ ಕೋವಿ ತಗೊಂಡಿದ್ದೇನೆ, ಉಂಡೆ ಗುಂಡು. ಹತ್ತಿರದ ಅಂಗಡಿಗಳಲ್ಲಿ ಕರಿಮದ್ದೇ ಇಲ್ಲ, ಅದರ ಬದಲಿಗೆ ಬರುವ ಪೈರೊಡೆಕ್ಸ್ ಆರ್‌ಎಸ್ ಪುಡಿ ಇದೆ. ನಡೆಯುತ್ತದಾ ಸರ್?

ಉತ್ತರ: ಇಲ್ಲಮ್ಮ, ಚಕಮಕಿ ಕೋವಿಗೆ ನಿಜವಾದ ಕರಿಮದ್ದೇ ಬೇಕು. ಪೈರೊಡೆಕ್ಸ್ ಹೊತ್ತಲು ಹೆಚ್ಚು ಬಿಸಿ ಬೇಕು. ಕಲ್ಲಿನ ಕಿಡಿಯಿಂದ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಆ ಬೆಂಕಿ ಸಣ್ಣ ತೂತಿನ ಮೂಲಕ ಒಳಹೋಗುವಷ್ಟರಲ್ಲಿ ಅಷ್ಟು ಬಿಸಿ ಉಳಿದಿರುವುದಿಲ್ಲ. ತಳಕ್ಕೆ ಸ್ವಲ್ಪ ಕರಿಮದ್ದು, ಮೇಲೆ ಪೈರೊಡೆಕ್ಸ್ ಎಂದು ಬೆರಸುವವರೂ ಇದ್ದಾರೆ. ಅದನ್ನೂ ಮಾಡಬೇಡಿ. ಕರಿಮದ್ದು ಸ್ಫೋಟಕವೆಂದೇ ವರ್ಗೀಕರಣವಾಗಿರುವುದರಿಂದ ಬಹಳ ಅಂಗಡಿಗಳು ಇಡುವುದಿಲ್ಲ. ಗೋಎಕ್ಸ್, ಶೂಟ್ಸನ್, ಸ್ವಿಸ್, ಯಾವುದು ಸಿಕ್ಕರೂ ಆದೀತು.

ಕರಿಮದ್ದಿನ ಹೆಸರಿನಲ್ಲಿ ಎಫ್ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿ ಚುರುಕು. ನಿಮ್ಮ .50ಕ್ಕೆ ನಳಿಗೆಯೊಳಗೆ ಎರಡು ಎಫ್, 60 ಗ್ರೇನಿನಿಂದ ಶುರು ಮಾಡಿ. ಮೂರು ಎಫ್ ಹಾಕುವುದಾದರೆ ಹತ್ತು ಹದಿನೈದು ಶೇಕಡಾ ಇಳಿಸಿ. ನಾಲ್ಕು ಎಫ್ ಬಟ್ಟಲಿಗೆ ಮಾತ್ರ, ಅದೂ ಎರಡು ಮೂರು ಗ್ರೇನ್ ಸಾಕು. ಬಟ್ಟಲು ತುಂಬಿಸಿ ತೂತು ಮುಚ್ಚಿದರೆ ಬೆಂಕಿ ಒಳಕ್ಕೆ ಹಾರುವ ಬದಲು ಬತ್ತಿಯ ಹಾಗೆ ಉರಿಯುತ್ತಾ ಹೋಗಬೇಕಾಗುತ್ತದೆ. ಕೋವಿ ತಡವಾಗಿ ಹಾರುವುದು ಹೆಚ್ಚಾಗಿ ಇದರಿಂದಲೇ. ಹಿಮ, ಜಡಿ ಇದ್ದ ದಿನ ಬಟ್ಟಲ ಮದ್ದನ್ನು ಆಗಾಗ ಬದಲಾಯಿಸುತ್ತಿರಿ. ಉಂಡೆ ಗುಂಡಿಗೆ ಸುತ್ತುವ ಬಟ್ಟೆಗೆ ಹಚ್ಚುವ ಜಿಡ್ಡು ಜೇನುಮೇಣ, ಪ್ರಾಣಿ ಕೊಬ್ಬಿನದಾಗಿರಲಿ. ಪೆಟ್ರೋಲಿಯಂ ಎಣ್ಣೆ ಕರಿಮದ್ದಿನ ಮಸಿಯ ಜೊತೆ ಸೇರಿದರೆ ಡಾಂಬರಿನಂಥ ಅಂಟಾಗುತ್ತದೆ.

ಪ್ರಶ್ನೆ: ಊರಲ್ಲಿ ಕೇಪಿನ ಕೋವಿಗೆ ಕಣ್ಣಳತೆಯಲ್ಲಿ ಮದ್ದು ಸುರಿದು, ತೆಂಗಿನ ನಾರು ಇಟ್ಟು ಜಡಿಯುತ್ತಿದ್ದರಲ್ಲ. ಇಲ್ಲಿ ಅಷ್ಟೆಲ್ಲ ಲೆಕ್ಕ ಯಾಕೆ? ಸ್ನೇಹಿತರೊಬ್ಬರ ಹತ್ತಿರ ಸ್ಮೋಕ್‌ಲೆಸ್ ಮದ್ದು ಬೇಕಾದಷ್ಟಿದೆ, ಸ್ವಲ್ಪ ಕಮ್ಮಿ ಹಾಕಿದರೆ ಆಗದೇ?

ಉತ್ತರ: ಆಗದು. ಸ್ವಲ್ಪವೂ ಬೇಡ. ಕರಿಮದ್ದಿನ ಒತ್ತಡ ತಡೆಯಲೆಂದು ಮಾಡಿದ ನಳಿಗೆಯಲ್ಲಿ ಸ್ಮೋಕ್‌ಲೆಸ್ ಅದರ ಎಷ್ಟೋ ಪಟ್ಟು ಒತ್ತಡ ಎಬ್ಬಿಸುತ್ತದೆ. ಮೊದಲು ಹೋಗುವುದು ಬ್ರೀಚ್, ಅದು ನಿಮ್ಮ ಮುಖದ ಪಕ್ಕದಲ್ಲೇ ಇರುತ್ತದೆ. ಸ್ಯಾವೇಜ್ 10ಎಂಎಲ್-2ನಂತೆ ಸ್ಮೋಕ್‌ಲೆಸ್‌ಗೆಂದೇ ತಯಾರಾದ ಕೆಲವೇ ರೈಫಲ್‌ಗಳಿವೆ, ಅವುಗಳ ಲೆಕ್ಕವೇ ಬೇರೆ. ಬ್ಲ್ಯಾಕ್‌ಹಾರ್ನ್ ಕೂಡ ನೈಟ್ರೋ ಅಲ್ಲವೇ ಎಂಬ ವಾದವನ್ನು ಇಲ್ಲಿಗೆ ತರಬೇಡಿ. ಅದರ ಒತ್ತಡವನ್ನು ಈ ನಳಿಗೆಗಳಿಗೆ ಹೊಂದಿಸಿಯೇ ತಯಾರಿಸಿದ್ದಾರೆ. ಒಂದು ಮದ್ದಿನ ಖಾಲಿ ಡಬ್ಬಿಗೆ ಇನ್ನೊಂದನ್ನು ತುಂಬಿಡುವ ಅಭ್ಯಾಸವೂ ಬೇಡ.

ಊರಿನ ಕೇಪಿನ ಕೋವಿಯ ನಳಿಗೆ ನುಣುಪು. ಹತ್ತಿರದಿಂದ ಚರೆ ಹಾರಿಸುವಾಗ ಐದು ಗ್ರೇನ್ ಆಚೀಚೆಯಾದರೆ ಕಾಣುವುದಿಲ್ಲ. ಇದು ಸುತ್ತುಗೆರೆಯ ನಳಿಗೆ, ನೂರು ಗಜದಲ್ಲಿ ಒಂದೇ ಗುಂಡು ಎದೆಗೆ ಬೀಳಬೇಕು. ಪ್ರತಿ ಈಡಿನ ಅಳತೆಯೂ, ಗಜದ ಒತ್ತೂ ಒಂದೇ ಸಮ ಇರಬೇಕು. ಒಂದು ಮಾತು, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಗೆ ನಿಷೇಧವಿದೆ. ಇಲ್ಲಿ ಕಲಿತದ್ದನ್ನು ರಜೆಯಲ್ಲಿ ಊರಿನ ಕಾಡಿಗೆ ಒಯ್ಯಬೇಡಿ.

ಪ್ರಶ್ನೆ: ತೊಳೆಯುವುದು ಮರುದಿನ ಆದರೆ ನಡೆಯುತ್ತದಾ? ಈಡು ರಾತ್ರಿಯೆಲ್ಲಾ ಒಳಗೇ ಇರಬಹುದಾ?

ಉತ್ತರ: ಕರಿಮದ್ದು, ಪೈರೊಡೆಕ್ಸ್ ಹಾರಿಸಿದ್ದರೆ ಅದೇ ಸಂಜೆ ತೊಳೆಯಿರಿ. ಉಳಿಯುವ ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿ ಕಳೆಯುವುದರೊಳಗೆ ತುಕ್ಕು ಶುರು ಮಾಡುತ್ತದೆ. ಬಿಸಿನೀರು, ಸ್ವಲ್ಪ ಸೋಪು ಸಾಕು. ಟ್ರಿಪಲ್ ಸೆವೆನ್ನಿನಲ್ಲಿ ಗಂಧಕ ಇಲ್ಲ, ಅದೂ ನೀರಿಗೆ ಬಿಡುತ್ತದೆ. ಬ್ಲ್ಯಾಕ್‌ಹಾರ್ನ್ ನೀರಿಗೆ ಬಗ್ಗುವುದಿಲ್ಲ, ಹಾಪ್ಪೀಸ್ 9ರಂಥ ಸಾಲ್ವೆಂಟ್ ಬೇಕು. ಒಣಗಿಸಿ ಎಣ್ಣೆ ಹಚ್ಚಿ. ಮುಂದಿನ ಬೇಟೆಯ ಬೆಳಗ್ಗೆ ಆ ಎಣ್ಣೆಯನ್ನು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಈಡು ತುಂಬುವ ಮೊದಲು ಬರೀ ಪ್ರೈಮರ್ ಒಂದೆರಡು ಹಾರಿಸಿ ದಾರಿ ಒಣಗಿಸಿ. ಮೊದಲ ಈಡು ಹಾರದಿರುವುದಕ್ಕೆ ಸಾಮಾನ್ಯ ಕಾರಣ ಪ್ಲಗ್ಗಿನಲ್ಲಿ ಉಳಿದ ಎಣ್ಣೆ. ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ, ಆಮೇಲೆ ಪ್ರೈಮರ್ ಬದಲಿಸಿ.

ರಾತ್ರಿಯ ಮಟ್ಟಿಗೆ ನನ್ನ ಸಲಹೆ, ಸುರಕ್ಷಿತ ಜಾಗದಲ್ಲಿ ಮಣ್ಣಿನ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡಿ. ಬ್ರೀಚ್ ಪ್ಲಗ್ ಬಿಚ್ಚಲು ಬರುವ ರೈಫಲ್ ಆದರೆ ಮೊದಲು ಪ್ರೈಮರ್ ತೆಗೆದು, ಪ್ಲಗ್ ಬಿಚ್ಚಿ, ಗಜದಿಂದ ಗುಂಡನ್ನೂ ಮದ್ದನ್ನೂ ಹಿಂದಕ್ಕೆ ತಳ್ಳಿ. ಚಳಿಯಲ್ಲಿದ್ದ ಕೋವಿಯನ್ನು ಈಡು ಸಮೇತ ಬೆಚ್ಚಗಿನ ಕೋಣೆಗೆ ತಂದರೆ ನಳಿಗೆಯೊಳಗೆ ಬೆವರುಕಟ್ಟಿ ಮದ್ದು ತೇವವಾಗುತ್ತದೆ.