ಒಂಬತ್ತನೇ ಕ್ಲಾಸಿಗೆ ಮನಸ್ಸಿನ ಪಾಠ: ಬೇಕಾ, ಬೇಡವಾ?

ವಾಸ್ಕೋ ಅಮ್ಮ: ಮಗಳ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ವಾರಕ್ಕೊಂದು ಪಿರಿಯಡ್ ಮಾನಸಿಕ ಆರೋಗ್ಯದ ಪಾಠ ಶುರು ಮಾಡ್ತಾರಂತೆ. ಖಿನ್ನತೆ, ಆತಂಕ ಅಂದ್ರೆ ಏನು, ಗೆಳತಿಗೆ ಹಾಗಾದ್ರೆ ಯಾರಿಗೆ ಹೇಳಬೇಕು, ಇಂಥವು. ಪಾಠ ಕ್ಲಾಸ್ ಟೀಚರೇ ಮಾಡೋದು. ಪೋಷಕರ ಸಭೆಯಲ್ಲಿ ಸುಮಾರು ಜನ ಬೇಡ ಅಂದರು. ನೀವೇನಂತೀರಿ?

ಗದಗ ಕಾಕಾ: ಬೇಡವೇ ಬೇಡ. ಮಾರ್ಕ್ಸ್ ಕಡಿಮೆ ಬಂದ್ರೆ ಈಗಲೇ ಹುಡುಗರು ‘ಡಿಪ್ರೆಶನ್’ ಅಂತಾರೆ. ಪಾಠ ಮಾಡಿದ್ರೆ ಇಲ್ಲದ ರೋಗವನ್ನೂ ತಲೆಗೆ ತುಂಬಿದ ಹಾಗೆ.

ಮಡಗಾಂವ್ ಮಾಸ್ತರ್: ಕಾಕಾ, ರೋಗ ಪಾಠ ಕೇಳಿ ಬರೋದಿಲ್ಲ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ಕ್ಲಾಸಲ್ಲಿ ಹೆಚ್ಚು ಕಡಿಮೆ ಮೂವರು. ಆ ಮೂವರಿಗೆ ನಾವು ಈಗ ಹೇಳೋದೇನು? ‘ಸೋಮಾರಿ’, ‘ನಾಟಕ’, ‘ಮೊಬೈಲ್ ಜಾಸ್ತಿ ಆಯ್ತು’.

ಪರ್ವರಿ ಹುಡುಗಿ: ಮಾಸ್ತರ್ ಮಾತು ಸರಿ, ಆದರೆ ಕಾಕಾ ಅನುಮಾನವನ್ನೂ ಸುಮ್ನೆ ತಳ್ಳಿಹಾಕಬೇಡಿ. ಬ್ರಿಟನ್ನಿನಲ್ಲಿ ಸಾವಿರಾರು ಮಕ್ಕಳಿಗೆ ಶಾಲೆಯಲ್ಲೇ ಧ್ಯಾನದ ಅಭ್ಯಾಸ ಕಲಿಸಿದರು. 2022ರಲ್ಲಿ ಫಲಿತಾಂಶ ಬಂತು: ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಏನೂ ಇಲ್ಲ. ಅದೇ ಯುರೋಪಿನ ಹತ್ತು ದೇಶಗಳಲ್ಲಿ ಮಕ್ಕಳನ್ನೇ ಮಾತಾಡಿಸಿ, ಸನ್ನಿವೇಶ ಅಭಿನಯಿಸಿ ಕಲಿಸಿದ ಕಾರ್ಯಕ್ರಮದಿಂದ ಒಂದು ವರ್ಷದಲ್ಲಿ ಆತ್ಮಹತ್ಯೆ ಪ್ರಯತ್ನ ಸುಮಾರು ಅರ್ಧಕ್ಕಿಳಿಯಿತು. ಹಾಗಾಗಿ ಪಾಠ ಬೇಕಾ ಅನ್ನೋದಕ್ಕಿಂತ ಅದನ್ನ ಯಾರು, ಹೇಗೆ ಮಾಡ್ತಾರೆ ಅಂತ ಕೇಳಬೇಕು.

ಇದಕ್ಕೆ ಉತ್ತರ ನಮ್ಮ ಗೋವಾದವರ ಹತ್ರವೇ ಇದೆ. ಇಲ್ಲಿನ ಸಂಗಾತ್ ಸಂಸ್ಥೆ ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳಲ್ಲಿ ‘ಸೆಹೆರ್’ ಅಂತ ಪ್ರಯೋಗ ಮಾಡಿತು. ಗೋಡೆ ಪತ್ರಿಕೆ, ಮಕ್ಕಳು ಮನಸ್ಸಿನ ಮಾತು ಬರೆದು ಹಾಕೋ ಪೆಟ್ಟಿಗೆ, ಬೇಕಾದವರಿಗೆ ಆಪ್ತ ಸಲಹೆ, ಎಲ್ಲ ಇತ್ತು. ಕೆಲವು ಶಾಲೆಗಳಲ್ಲಿ ಇದನ್ನ ಶಿಕ್ಷಕರು ನಡೆಸಿದರು. ಕೆಲವಲ್ಲಿ ತರಬೇತಿ ಕೊಟ್ಟ ಹೊರಗಿನವರು, ಡಾಕ್ಟರ್ ಅಲ್ಲ, ಸಾಮಾನ್ಯರೇ. ಹೊರಗಿನವರು ನಡೆಸಿದಲ್ಲಿ ಖಿನ್ನತೆ, ಒಬ್ಬರನ್ನೊಬ್ಬರು ಪೀಡಿಸೋದು ಎರಡೂ ಇಳಿದವು. ಶಿಕ್ಷಕರು ನಡೆಸಿದಲ್ಲಿ ಏನೂ ಬದಲಾಗಲಿಲ್ಲ. ಇದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಮಡಗಾಂವ್ ಮಾಸ್ತರ್: ಅಂದ್ರೆ ನಾವು ದಂಡ ಅಂತಾಯ್ತು!

ಪರ್ವರಿ ಹುಡುಗಿ: ಅಯ್ಯೋ, ಹಾಗಲ್ಲ ಸರ್. ನಿಮಗೆ ಸಿಲಬಸ್ ಇದೆ, ಎಲೆಕ್ಷನ್ ಡ್ಯೂಟಿ ಇದೆ. ಜೊತೆಗೆ ಮಾರ್ಕ್ಸ್ ಹಾಕೋರು ನೀವು. ‘ಮೂರು ವಾರದಿಂದ ನಿದ್ದೆ ಬಂದಿಲ್ಲ’ ಅಂತ ಮಕ್ಕಳು ನಿಮ್ಮ ಮುಂದೆ ಬಾಯಿ ಬಿಡ್ತಾರಾ? ಗುರುತಿಸೋಕೆ ನೀವು ಬೇಕು. ಕೇಳೋಕೆ ಬೇರೆಯವರಿರಲಿ.

ಮಡಗಾಂವ್ ಮಾಸ್ತರ್: ಹ್ಞೂಂ. ಬಿಡ್ತಾರೆ ಅಂತ ಎದೆ ತಟ್ಟಿ ಹೇಳಲಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆಯಲ್ಲ, 14416. ಕನ್ನಡದಲ್ಲೂ ಮಾತಾಡ್ತಾರೆ, ಪುಕ್ಕಟೆ.

ವಾಸ್ಕೋ ಅಮ್ಮ: ನಂಬರ್ ಒಳ್ಳೆಯದೇ ಸರ್. ಆದರೆ ನಮ್ಮ ಬೈನಾ ಕಡೆ ಎಷ್ಟೋ ಮನೆಗಳಲ್ಲಿ ಇರೋದೇ ಒಂದು ಫೋನ್, ಅದೂ ಅಪ್ಪನ ಜೇಬಲ್ಲಿ. ಒಂದೇ ಕೋಣೆಯಲ್ಲಿ ಎಲ್ಲರ ಮುಂದೆ ಆ ಹುಡುಗಿ ಏನಂತ ಮಾತಾಡ್ತಾಳೆ? ಶಾಲೆಯಲ್ಲೇ ಒಬ್ಬರು ಸಿಗಬೇಕು. ಹೇಳಿದ್ದೆಲ್ಲ ಸಂಜೆ ಮನೆಗೆ ಬಂದು ಮುಟ್ಟಬಾರದು. ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ನಮಗೆ ತಿಳಿಸಲಿ. ಮುಂದಿನ ಸಭೆಯಲ್ಲಿ ಇದನ್ನೇ ಕೇಳ್ತೀನಿ.

ಗದಗ ಕಾಕಾ: ಕೇಳಮ್ಮಾ. ಹೊರಗಿನವರ ಸಂಬಳ ಯಾರು ಕೊಡ್ತಾರೆ ಅಂತಲೂ ಕೇಳು. ನಮ್ಮ ಫೀ ಮೇಲೆ ಹಾಕಿದ್ರೆ ಮೊದಲು ಎದ್ದು ನಿಲ್ಲೋನು ನಾನೇ.