ಅಪ್‌ಡೇಟ್: ಪಿವಿಸಿ ಸೀಲಿಂಗ್ ದಾಟಿಸಿ ಒಲೆ ಪೈಪ್ ಹಾಕಿಸಿದ್ದಾಯಿತು
ದಾವಣಗೆರೆ ಮನೆಯ ಬಚ್ಚಲಿನ ಹಂಡೆ ಒಲೆಗೆ ಹೊಗೆ ಪೈಪ್ ಹಾಕಬೇಕು, ಮೇಲೆ ಪಿವಿಸಿ ಸೀಲಿಂಗ್, ಅದರ ಮೇಲೆ ತಗಡಿನ ಶೀಟು, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆನಲ್ಲ, ಕೆಲಸ ಮುಗಿಯಿತು.

ತೂತಿನ ಸುತ್ತ ಸಿಲಿಕಾನ್ ತುಂಬಿದರೆ ಸಾಕು ಎಂದಿದ್ದರು ಕೆಲವರು. ಮೊದಲು ಅದನ್ನೇ ಮಾಡಿದೆ. ಎರಡೇ ದಿನಕ್ಕೆ ಸೀಲಿಂಗ್ ಸೊಟ್ಟಗಾಯಿತು! ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಹೊಗೆ ಪೈಪ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ ಅಲ್ವಾ.

ಕೈ ಹಿಡಿದಿದ್ದು ‘ಸೀಲಿಂಗನ್ನೇ ದೂರ ಸರಿಸಿ’ ಎಂದವರ ಸಲಹೆ. ಪೈಪಿನ ಸುತ್ತ 18 ಇಂಚು ಕತ್ತರಿಸಿ ತೆಗೆದು, ಅಲ್ಲಿ ಜಿಐ ತಗಡು ಕೂರಿಸಿದೆವು. ಗಾಳಿಯಾಡಲು ಸಂದು ಬಿಟ್ಟಿದ್ದೇವೆ.

ಬಿಚ್ಚಿದಾಗ ನೋಡಿದರೆ, ಒಳಗಿನ ಮರದ ರೀಪು ಆಗಲೇ ಕಂದಿತ್ತು. ಪಕ್ಕದಲ್ಲೇ ಲೈಟಿನ ವೈರು ಬೇರೆ. ಕೆಳಗಿನಿಂದ ಏನೂ ಕಾಣುತ್ತಿರಲಿಲ್ಲ.